ಮರದ ತೊಟ್ಟಿಯ ನೀರು ಮೂರನೆಯ ದಿನಕ್ಕೇ ಕದಡುತ್ತಿದೆ, ಒಳಗೋಡೆ ಎಳೆ ಎಳೆಯಾಗಿ ಏಳುತ್ತಿದೆ

ಪ್ರಶ್ನೆ: ತೇಲುವವ

ಹಿತ್ತಿಲಿನಲ್ಲಿ ಸೀಡರ್ ಮರದ ದುಂಡನೆಯ ಬಿಸಿನೀರಿನ ತೊಟ್ಟಿ ಇದೆ. ಸುಮಾರು 1500 ಲೀಟರ್ ಹಿಡಿಯುತ್ತದೆ. ಪಕ್ಕದಲ್ಲಿ ಸ್ಟೀಲಿನ ಸೌದೆ ಒಲೆ. ಒಲೆಯಿಂದ ತೊಟ್ಟಿಗೆ ಮೇಲೊಂದು, ಕೆಳಗೊಂದು ಕೊಳವೆ. ಪಂಪ್ ಇಲ್ಲ, ಫಿಲ್ಟರ್ ಇಲ್ಲ, ವಿದ್ಯುತ್ತಿನ ಗೊಡವೆಯೇ ಇಲ್ಲ. ಅದಕ್ಕಾಗಿಯೇ ಇದನ್ನು ಆರಿಸಿಕೊಂಡದ್ದು.

ತುಂಬಿಸಿದ ದಿನ ನೀರು ತಿಳಿಯಾಗಿರುತ್ತದೆ. ಮೂರನೆಯ ದಿನಕ್ಕೆ ಮಬ್ಬಾಗುತ್ತದೆ, ಕೂರುವ ಹಲಗೆಯ ಅಡಿಗೆ ಕೈ ಹಾಕಿದರೆ ಲೋಳೆ ಸಿಗುತ್ತದೆ. ಕ್ಲೋರಿನ್ ಪುಡಿ ಹಾಕುತ್ತಲೇ ಇದ್ದೇನೆ. ಆದರೂ ಲೋಳೆ ಹೋಗುವುದಿಲ್ಲ. ನೀರಿನ ಮಟ್ಟದ ಕೆಳಗೆ ಮರ ಮಾತ್ರ ಮೆತ್ತಗಾಗುತ್ತಿದೆ. ಉಗುರಿನಿಂದ ಗೀರಿದರೆ ಹತ್ತಿಯಂಥ ಎಳೆ ಏಳುತ್ತದೆ.

ಇನ್ನೊಂದು ವಿಷಯ. ಉರಿ ಜೋರಾದಾಗ ಮೇಲಿನ ಕೊಳವೆಯಲ್ಲಿ ಗುಡುಗುಡು ಸದ್ದು. ಎದೆಯ ಮಟ್ಟದಲ್ಲಿ ನೀರು ಸುಡುತ್ತದೆ, ಕಾಲ ಬಳಿ ತಣ್ಣಗಿರುತ್ತದೆ. ಬಲ್ಲವರು ತಿಳಿಸಿ.

ಉತ್ತರ: ಹಬೆ

ಕ್ಲೋರಿನ್ ಪ್ರಮಾಣ ಸಾಲುತ್ತಿಲ್ಲ, ಎರಡರಷ್ಟು ಮಾಡಿ ನೋಡಿ. ಮರಕ್ಕೆ ಒಳಗಿನಿಂದ ಒಳ್ಳೆಯ ಎಣ್ಣೆ ಅಥವಾ ವಾರ್ನಿಷ್ ಹಚ್ಚಿದರೆ ಎಳೆ ಏಳುವುದು ನಿಲ್ಲುತ್ತದೆ. ತೊಟ್ಟಿಯನ್ನು ಚೆನ್ನಾಗಿ ಒಣಗಿಸಿ ಹಚ್ಚಬೇಕು.

ಉತ್ತರ: ಉಳಿ ಹಿಡಿದವ

ಹಬೆಯವರೇ, ಬೇಸರಿಸಬೇಡಿ. ನೀವು ಹೇಳಿದ್ದನ್ನೆಲ್ಲ ಒಟ್ಟಿಗೆ ಮಾಡಿದರೆ ಇವರ ತೊಟ್ಟಿ ಬೇಗ ಸೌದೆಯ ರಾಶಿಗೆ ಸೇರುತ್ತದೆ. ಇಂಥ ತೊಟ್ಟಿಗಳನ್ನು ರಿಪೇರಿ ಮಾಡುವುದೇ ನನ್ನ ಕೆಲಸ. ನನ್ನ ಬಳಿಗೆ ಬರುವವುಗಳಲ್ಲಿ ಕೊಳೆತದ್ದಕ್ಕಿಂತ ಆರೈಕೆ ಅತಿಯಾಗಿ ಕೆಟ್ಟದ್ದೇ ಹೆಚ್ಚು.

ಮೊದಲು ಎಳೆಯ ವಿಚಾರ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಲಿಗ್ನಿನ್ ಎಂಬ ವಸ್ತು. ಕ್ಲೋರಿನ್ ಅದನ್ನೇ ತಿನ್ನುತ್ತದೆ. ಅಂಟು ಹೋದ ಮೇಲೆ ನಾರು ಸಡಿಲವಾಗಿ ಏಳುತ್ತದೆ, ಎದ್ದ ನಾರಿನ ಸಂದಿಯಲ್ಲಿ ಕೊಳೆ ಕೂರುತ್ತದೆ, ಆ ಕೊಳೆಗೆಂದು ನೀವು ಇನ್ನಷ್ಟು ಪುಡಿ ಹಾಕುತ್ತೀರಿ. ನಿಮ್ಮಲ್ಲಿ ಪಂಪ್ ಬೇರೆ ಇಲ್ಲ. ಪುಡಿ ಬಿದ್ದಲ್ಲೇ ಗಾಢವಾಗಿ ನಿಲ್ಲುತ್ತದೆ, ಹಲಗೆಯ ಅಡಿಗೆ ತಲುಪುವುದೇ ಇಲ್ಲ. ಹಾಕುವುದಿದ್ದರೆ ಬಕೆಟ್ ನೀರಿನಲ್ಲಿ ಪೂರ್ತಿ ಕರಗಿಸಿ, ತೊಟ್ಟಿಗೆ ಸುತ್ತಲೂ ಸುರಿದು, ದೋಣಿಯ ಹುಟ್ಟಿನಂಥ ಕೋಲಿನಿಂದ ತಳದವರೆಗೆ ಕಲಕಬೇಕು. ಪರೀಕ್ಷಾ ಪಟ್ಟಿಯಿಂದ ಅಳೆಯದೆ ಕಣ್ಣಂದಾಜಿನಲ್ಲಿ ಹಾಕಲೇಬಾರದು. ಬಿಸಿನೀರಿನ ತೊಟ್ಟಿಗೆ ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ ಮುಕ್ತ ಕ್ಲೋರಿನ್ (ಕೊಳೆಯೊಂದಿಗೆ ಸೇರಿ ಮುಗಿಯದೆ ಉಳಿದದ್ದು), ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.8 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಮರದ ತೊಟ್ಟಿಯಲ್ಲಿ ಆ ಕನಿಷ್ಠದ ಮೇಲೆ ಏರಿಸುತ್ತಾ ಹೋಗಬೇಡಿ.

ಫಿಲ್ಟರ್ ಇಲ್ಲದ ತೊಟ್ಟಿಯಲ್ಲಿ ನೀರನ್ನು ಕಾಪಾಡಿಕೊಳ್ಳುವ ಹಟವನ್ನೇ ಬಿಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ತುಂಬಿಸಿ, ಕಾಯಿಸಿ, ಒಂದೆರಡು ದಿನ ಬಳಸಿ, ಖಾಲಿ ಮಾಡಿ. ಲೋಳೆ ಎಂದರೆ ಬರಿಯ ಕೊಳೆಯಲ್ಲ, ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಹೊದಿಕೆ. ಅದರೊಳಗೆ ಕ್ಲೋರಿನ್ ಸುಲಭವಾಗಿ ಇಳಿಯುವುದಿಲ್ಲ. ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲ ಸೊಂಪಾಗಿ ಬೆಳೆಯುವುದು 25ರಿಂದ 45 ಡಿಗ್ರಿಯ ನೀರಿನಲ್ಲಿ. ಚರ್ಮದಲ್ಲಿ ಕೆಂಪು ಗುಳ್ಳೆ ಏಳಿಸುವ ಸ್ಯೂಡೊಮೊನಾಸ್‌ಗೂ ಬೆಚ್ಚಗಿನ ನೀರು ಪ್ರಿಯ. ನಾವು ಕೂರುವ ನೀರು ಅವಕ್ಕೂ ಹಿತ ಎಂದಾಯಿತು. ಇಳಿಯುವ ಮುನ್ನ ಎಲ್ಲರೂ ಸೋಪು ಹಚ್ಚಿ ಸ್ನಾನ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಬೆವರು, ಮೈಗೆ ಹಚ್ಚಿದ ಎಣ್ಣೆ, ಕ್ರೀಮು ಇವೇ ಕ್ಲೋರಿನ್ನನ್ನು ಮೊದಲು ನುಂಗುವುದು.

ಖಾಲಿ ಮಾಡಿದಾಗ ಕೂರುವ ಹಲಗೆ ಬಿಚ್ಚಿ ಹೊರಗೆ ತೆಗೆಯಿರಿ. ಮೃದುವಾದ ನೈಲಾನ್ ಬ್ರಷ್‌ನಿಂದ ಮರದ ಎಳೆ ಹೋಗುವ ದಿಕ್ಕಿನಲ್ಲೇ ಉಜ್ಜಿ, ಅಡ್ಡಡ್ಡ ಬೇಡ. ಪ್ರೆಷರ್ ವಾಷರ್ ಹಿಡಿಯಲೇಬೇಡಿ, ಅದು ಸಡಿಲವಾದ ನಾರನ್ನು ಕಿತ್ತು ಗುಳಿ ಮಾಡುತ್ತದೆ. ಕೊಳವೆಗಳ ಒಳಗನ್ನೂ ಉದ್ದ ಬ್ರಷ್ ತೂರಿಸಿ ತೊಳೆಯಿರಿ. ಅಲ್ಲಿ ಉಳಿದ ಲೋಳೆಯೇ ಮುಂದಿನ ಬಾರಿಯ ಬಿತ್ತನೆ. ಕ್ಲೋರಿನ್ ಬಳಸುವ ತೊಟ್ಟಿಗೆ ವಿನೆಗರ್ ಅಥವಾ ಬೇರೆ ಯಾವುದೇ ಆಮ್ಲ ಸೋಕಿಸಬೇಡಿ, ಎರಡೂ ಸೇರಿದರೆ ವಿಷಾನಿಲ ಏಳುತ್ತದೆ. ಎದ್ದ ಎಳೆಗೆ, ಮರದ ಮೈ ಸ್ವಲ್ಪ ಆರಿದ ಮೇಲೆ ನಯವಾದ ಉಪ್ಪು ಕಾಗದದಿಂದ ಹಗುರವಾಗಿ ಒಮ್ಮೆ ಉಜ್ಜಿದರೆ ಸಾಕು.

ಎಣ್ಣೆ, ವಾರ್ನಿಷ್ ಒಳಮೈಗೆ ಬೇಡವೇ ಬೇಡ. ಇಂಥ ತೊಟ್ಟಿಯಲ್ಲಿ ಹಲಗೆಗಳು ನೀರು ಕುಡಿದು ಉಬ್ಬಿ ಒಂದನ್ನೊಂದು ಒತ್ತುವುದರಿಂದಲೇ ಸಂದಿ ಮುಚ್ಚುತ್ತದೆ. ಕುಡಿಯಲು ಬಿಡದಿದ್ದರೆ ಸೋರುತ್ತದೆ. ಜೊತೆಗೆ ಬಿಸಿನೀರಿನಲ್ಲಿ ಲೇಪ ಹೊಪ್ಪಳೆಯಾಗಿ ಸುಲಿಯುತ್ತದೆ. ಹೊರಮೈಗೆ ಬೇಕಾದರೆ ಹಚ್ಚಿಕೊಳ್ಳಿ. ಚೆನ್ನಾಗಿ ಒಣಗಿಸುವ ಮಾತಂತೂ ಇನ್ನೂ ಕೆಟ್ಟದ್ದು: ತಿಂಗಳುಗಟ್ಟಲೆ ಒಣಗಿಸಿದರೆ ಹಲಗೆ ಕುಗ್ಗಿ ಬೆಳಕು ಕಾಣುವಷ್ಟು ಸಂದಿ ಬಿಡುತ್ತದೆ. ಆಗ ಗಾಬರಿಯಿಂದ, ಹಲಗೆಗಳನ್ನು ಸುತ್ತಿ ಹಿಡಿದ ಕಬ್ಬಿಣದ ಪಟ್ಟಿಯನ್ನು ಬಿಗಿದವರಿದ್ದಾರೆ. ಮತ್ತೆ ನೀರು ತುಂಬಿದಾಗ ಮರಕ್ಕೆ ಉಬ್ಬಲು ಜಾಗವಿಲ್ಲದೆ ಅಂಚುಗಳು ಜಜ್ಜಿಹೋಗುತ್ತವೆ. ಸೋರಿದರೆ ತುಂಬಿಸಿ, ಮೊದಲು ಒಂದೆರಡು ದಿನ ಕಾಯಿರಿ, ಆಮೇಲೆ ಸ್ಪ್ಯಾನರ್ ಹುಡುಕಿ.

ಉತ್ತರ: ತೇಲುವವ

ಧನ್ಯವಾದ, ಸರ್. ಪ್ರತಿ ಸಲ 1500 ಲೀಟರ್ ತಣ್ಣೀರಿನಿಂದ ಶುರುಮಾಡಿದರೆ ಸೌದೆ ಎಷ್ಟು ಹಿಡಿಯುತ್ತದೆ? ಆ ಗುಡುಗುಡು ಸದ್ದಿನ ವಿಷಯವೂ ಉಳಿಯಿತು.

ಉತ್ತರ: ಉಳಿ ಹಿಡಿದವ

ಲೆಕ್ಕ ಸುಲಭ. 1500 ಲೀಟರ್ ನೀರನ್ನು 15ರಿಂದ 38 ಡಿಗ್ರಿಗೆ ಏರಿಸಲು ಸುಮಾರು 40 ಕಿಲೋವ್ಯಾಟ್ ಗಂಟೆಯಷ್ಟು ಶಾಖ ಬೇಕು. ಚೆನ್ನಾಗಿ ಒಣಗಿದ ಸೌದೆ ಕಿಲೋಗೆ 4ರಷ್ಟು ಕೊಡುತ್ತದೆ. ಅದರಲ್ಲಿ ಶೇ. 60 ನೀರಿಗೆ ಇಳಿಯಿತೆಂದು ಹಿಡಿದರೆ 16-17 ಕಿಲೋ ಸೌದೆ. ಮುಚ್ಚಳ ಹಾಕಿಯೇ ಕಾಯಿಸಬೇಕು, ಇಲ್ಲವಾದರೆ ಈ ಲೆಕ್ಕ ಹಿಡಿಯುವುದಿಲ್ಲ. ಹಸಿ ಸೌದೆಯಾದರೆ ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಶಾಖದ ಒಂದು ಪಾಲು ಹೋಗುತ್ತದೆ, ಮೇಲೆ ಹೊಗೆಕೊಳವೆಯಲ್ಲಿ ಡಾಂಬರಿನ ಹಾಗೆ ಮಸಿ ಕಟ್ಟುತ್ತದೆ. ಆ ಮಸಿಗೆ ಒಂದು ದಿನ ಬೆಂಕಿ ಹತ್ತಿಕೊಳ್ಳುವ ಅಪಾಯವಿದೆ, ಕೆರೆದು ತೆಗೆಯುತ್ತಿರಿ.

ಸದ್ದು ಬರುವುದು ಒಲೆಯ ಸುತ್ತಲಿನ ನೀರು ಕುದಿಯುತ್ತಿರುವುದರಿಂದ. ಕಾದ ನೀರು ಹಗುರಾಗಿ ಮೇಲಿನ ಕೊಳವೆಯಿಂದ ತೊಟ್ಟಿಗೆ ಹೋಗಬೇಕು, ಆ ಜಾಗಕ್ಕೆ ತಣ್ಣೀರು ಕೆಳಗಿನದರಿಂದ ಬರಬೇಕು. ಓಟ ಎಲ್ಲೋ ಕಟ್ಟಿದೆ. ಮೇಲಿನ ಕೊಳವೆಯ ಬಾಯಿ ನೀರಿನಲ್ಲಿ ಪೂರ್ತಿ ಮುಳುಗಿದೆಯೇ? ಕೊಳವೆ ಒಲೆಯಿಂದ ತೊಟ್ಟಿಯವರೆಗೂ ಏರುತ್ತಲೇ ಹೋಗುತ್ತದೆಯೇ, ನಡುವೆ ಗೂನು ಇದ್ದು ಗಾಳಿ ಸಿಕ್ಕಿಕೊಂಡಿದೆಯೇ? ಕೆಳಗಿನ ಕೊಳವೆಯ ಜಾಲರಿಗೆ ಎಲೆ ಮೆತ್ತಿದೆಯೇ? ಈ ಮೂರರಲ್ಲಿ ಒಂದಿರುತ್ತದೆ. ಮೇಲೆ ಬಿಸಿ, ಕೆಳಗೆ ತಂಪು ಎಂಬುದು ಸ್ವಲ್ಪ ಮಟ್ಟಿಗೆ ಸಹಜ; ಇಳಿಯುವ ಮುನ್ನ ಹುಟ್ಟಿನಿಂದ ಚೆನ್ನಾಗಿ ಕಲಕಿ, ಥರ್ಮಾಮೀಟರ್ ನೋಡಿ. 40 ಡಿಗ್ರಿ ದಾಟಿದ ನೀರಿಗೆ ಯಾರೂ ಇಳಿಯಬಾರದು.

ಉತ್ತರ: ಬೂದಿಬುಟ್ಟಿ

ಒಲೆಯ ಬಗ್ಗೆ ನನ್ನದೂ ಒಂದು ಮಾತು. ತೊಟ್ಟಿ ತುಂಬಿ ಕೊಳವೆಗಳಲ್ಲಿ ನೀರು ನಿಂತ ಮೇಲಷ್ಟೇ ಬೆಂಕಿ ಹಚ್ಚಿ. ಕೆಂಡ ಪೂರ್ತಿ ಆರುವವರೆಗೆ ತೊಟ್ಟಿಯ ನೀರನ್ನು ಹೊರಗೆ ಬಿಡಬೇಡಿ. ಬೆಂಕಿ ಆರಿಸಲು ಒಲೆಯೊಳಗೆ ನೀರು ಸುರಿಯುವುದೂ ಬೇಡ. ಕಾದ ಬೆಸುಗೆ ಬಿರಿಯಬಹುದು, ಒದ್ದೆ ಬೂದಿ ಕ್ಷಾರವಾಗಿ ಲೋಹವನ್ನು ಕೊರೆಯುತ್ತದೆ. ಅಲ್ಯೂಮಿನಿಯಂ ಒಲೆಯನ್ನಂತೂ ತಿಂದೇಹಾಕುತ್ತದೆ. ಬೂದಿಯನ್ನು ಒಣದಾಗಿಯೇ ಮುಚ್ಚಳವಿರುವ ಲೋಹದ ಬಕೆಟ್‌ಗೆ ತೆಗೆಯಿರಿ, ಆರಿದಂತೆ ಕಂಡ ಬೂದಿಯೊಳಗೆ ಮಾರನೆಯ ದಿನವೂ ಕೆಂಡ ಇರುತ್ತದೆ. ಗಾಳಿಯ ದಿನ ತೊಟ್ಟಿಯ ಪಕ್ಕದಲ್ಲಿ ಬೂದಿ ಎತ್ತಬೇಡಿ: ನೀರಿಗೆ ಬಿದ್ದರೆ ಪಿಎಚ್ ಏರುತ್ತದೆ, ಆಗ ಕ್ಲೋರಿನ್ ಇದ್ದೂ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಉತ್ತರ: ತೇಲುವವ

ಈಗಷ್ಟೇ ನೋಡಿದೆ. ಮೇಲಿನ ಕೊಳವೆಯ ಬಾಯಿ ಅರ್ಧ ನೀರಿನಿಂದ ಹೊರಗಿದೆ. ನಾವು ಒಳಗೆ ಕುಳಿತಾಗ ನೀರು ಏರಿ ಮುಳುಗುತ್ತದೆ, ಎದ್ದಾಗ ಮತ್ತೆ ಹೊರಬರುತ್ತದೆ. ಸದ್ದು ಒಮ್ಮೆ ಇದ್ದು ಒಮ್ಮೆ ಇಲ್ಲದಿರುವುದು ಇದಕ್ಕೇ ಇರಬೇಕು. ನೀರು ಇನ್ನೂ ಒಂದು ಗೇಣು ಏರಿಸಲು ಅಂಚಿನವರೆಗೆ ಜಾಗವಿದೆ. ಈ ಸಲದ ನೀರನ್ನು ನಾಳೆ ಖಾಲಿ ಮಾಡಿ ಹಲಗೆ ಬಿಚ್ಚುತ್ತೇನೆ.