ಸಹಾಯ ಬೇಕು: ಹಾಯಿದೋಣಿಗೆ ದೂರದ ರೇಡಿಯೋ ಯಾವುದು ತಗೊಳ್ಳಲಿ?

ನಮಸ್ಕಾರ. ನಾವಿಬ್ಬರೂ ಇರುವುದು ಆಕ್ಲೆಂಡ್‌ನಲ್ಲಿ. ಬರುವ ಮೇ ತಿಂಗಳಲ್ಲಿ, ಚಂಡಮಾರುತದ ಕಾಲ ಮುಗಿದ ಮೇಲೆ, ನಮ್ಮ 36 ಅಡಿಯ ಹಾಯಿದೋಣಿಯಲ್ಲಿ ಫಿಜಿಗೆ ಹೊರಡುತ್ತೇವೆ. ಸಾವಿರ ನಾಟಿಕಲ್ ಮೈಲಿಗೂ ಜಾಸ್ತಿ ದಾರಿ. ಈಗಿರುವ ವಿಎಚ್‌ಎಫ್ (ಹತ್ತಿರದ ಮಾತಿಗಷ್ಟೇ ಆಗುವ ರೇಡಿಯೋ) ದೋಣಿಯಿಂದ ದೋಣಿಗೆ 10-15 ಮೈಲಿ ಕೇಳಿಸಿದರೆ ಪುಣ್ಯ. ಅದಕ್ಕೇ ಎಸ್‌ಎಸ್‌ಬಿ, ಅಂದರೆ ತುಂಬಾ ದೂರ ಮುಟ್ಟುವ ರೇಡಿಯೋ, ಹಾಕಿಸುವ ಯೋಚನೆ.

ಸೆಕೆಂಡ್‌ಹ್ಯಾಂಡ್ ಐಕಾಮ್ ಎಂ802 ಸಿಕ್ಕಿದೆ, ಜೊತೆಗೆ ಆಂಟೆನಾವನ್ನು ರೇಡಿಯೋಗೆ ಹೊಂದಿಸುವ ಎಟಿ-140 ಟ್ಯೂನರ್. ಹೋಗಿ ನೋಡಿದೆ. ರೇಡಿಯೋ ಚೆನ್ನಾಗಿದೆ. ಆದರೆ ಟ್ಯೂನರ್‌ನ ಅರ್ಥಿಂಗ್‌ಗೆ ಹಾಕಿದ್ದ ತಾಮ್ರದ ಪಟ್ಟಿ ಕಿಲುಬು ಹಿಡಿದು, ಬೆರಳು ತಾಗಿಸಿದರೆ ಹಸಿರು ಪುಡಿ ಉದುರಿತು. ಎಂ802 ರೇಡಿಯೋ ಈಗ ತಯಾರಾಗುವುದಿಲ್ಲ, ಕೆಟ್ಟರೆ ಬಿಡಿಭಾಗ ಎಲ್ಲಿ ಹುಡುಕುವುದು? ಹೊಸ ಎಂ803 ತಗೊಂಡರೆ ಜೇಬು ಖಾಲಿ.

ಆಂಟೆನಾ ಇನ್ನೊಂದು ತಲೆನೋವು. ಹಾಯಿ ಕಟ್ಟುವ ಕೂವೆಮರದ ತುದಿಯಿಂದ ಹಿಂಭಾಗಕ್ಕೆ ಬಿಗಿದ ಉಕ್ಕಿನ ಹಗ್ಗವನ್ನೇ ಕತ್ತರಿಸಿ, ನಡುವೆ ವಿದ್ಯುತ್ ತಡೆಯುವ ಇನ್ಸುಲೇಟರ್ ಹಾಕಿಸಿ, ಅದನ್ನೇ ಆಂಟೆನಾ ಮಾಡಿಕೊಳ್ಳಿ ಅನ್ನುತ್ತಾರೆ. ಕೂವೆಮರವನ್ನು ಹಿಡಿದು ನಿಲ್ಲಿಸಿರುವ ಹಗ್ಗಕ್ಕೇ ಕತ್ತರಿ ಹಾಕಲು ಕೈ ನಡುಗುತ್ತದೆ! 23 ಅಡಿಯ ಉದ್ದನೆಯ ಕಂಬದ ಆಂಟೆನಾ ಸಾಕಾ? ದೋಣಿ ಫೈಬರ್‌ನದ್ದು, ಅರ್ಥಿಂಗ್‌ಗೆ ಏನು ಮಾಡಿದ್ದೀರಿ? ಮಾತಾಡುವಾಗ 30 ಆಂಪಿಯರ್‌ವರೆಗೆ ಎಳೆಯುತ್ತದಂತೆ. ನಮ್ಮದು 100 ಆಂಪಿಯರ್-ಅವರ್‌ನ ಎರಡೇ ಬ್ಯಾಟರಿ, ಅದರಲ್ಲೇ ಫ್ರಿಜ್ ಬೇರೆ.

ಸುಮ್ನೆ ಸ್ಟಾರ್‌ಲಿಂಕ್ (ಉಪಗ್ರಹ ಇಂಟರ್ನೆಟ್) ಹಾಕಿ ಅನ್ನಬೇಡಿ, ಅದೂ ಇರುತ್ತದೆ. ಆದರೆ ಸಂಜೆ ಸುತ್ತಲಿನ ದೋಣಿಯವರೆಲ್ಲ ಒಟ್ಟಿಗೆ ಕೇಳಿಸಿಕೊಳ್ಳುವುದು ರೇಡಿಯೋದಲ್ಲೇ, ಅಲ್ವಾ? ಬಳಸಿದವರು ದಯವಿಟ್ಟು ಹೇಳಿ. ಮಾರುವವರಿಗೆ ಭಾನುವಾರದೊಳಗೆ ಉತ್ತರ ಕೊಡಬೇಕು.