ಅಪ್‌ಡೇಟ್: ‘ಸೇಫ್ಟಿ ಹಾಕಿದೆಯಲ್ಲ’ ಅನ್ನುವ ಬೇಟೆ ಜೊತೆಗಾರ

ಹೋದ ವಾರ ಕೇಳಿದ್ದೆ: ತುಂಬಿದ ಕೋವಿಯ ನಳಿಗೆಯನ್ನು ಎಲ್ಲರ ಮೇಲೂ ಹಾಯಿಸುವ, ಕೇಳಿದರೆ ‘ಸೇಫ್ಟಿ (ಈಡು ಹಾರದಂತೆ ತಡೆಯುವ ಗುಂಡಿ) ಹಾಕಿದೆಯಲ್ಲ’ ಅನ್ನುವ ಜೊತೆಗಾರರಿಗೆ ಹೇಗೆ ಹೇಳೋದು ಅಂತ. ಉತ್ತರಿಸಿದವರಿಗೆ ಥ್ಯಾಂಕ್ಸ್.

ತಮಾಷೆಯಾಗಿ ಸುಳಿವು ಕೊಡಿ ಅಂದದ್ದು ನಡೀಲಿಲ್ಲ; ಅವರೂ ನಕ್ಕರು, ನಳಿಗೆ ಅಲ್ಲೇ ಇತ್ತು. ಎಲ್ಲರೆದುರು ಗದರಿದ್ದು ಇನ್ನೂ ಕೆಡಿಸ್ತು. ಫಲಿಸಿದ್ದು ‘ಆ ಕ್ಷಣದಲ್ಲೇ, ಚಿಕ್ಕದಾಗಿ’ ಅನ್ನೋ ಸಲಹೆ: "ನಳಿಗೆ ನನ್ನ ಕಡೆ ಇದೆ, ನೆಲಕ್ಕೆ ತಿರುಗಿಸಿ." ಅಷ್ಟೇ. ಜೊತೆಗೆ, ಹೊರಡುವ ಮೊದಲೇ ಇಡೀ ಗುಂಪಿಗೆ ಒಂದೇ ನಿಯಮ: ನಡೆಯುವಾಗ, ಬೇಲಿ ದಾಟುವಾಗ ಜೋಡಿನಳಿಗೆ (ಎರಡು ನಳಿಗೆಯ ಕೋವಿ) ಮಡಚಿ ತೆರೆದಿರಬೇಕು, ತೋಟೆ ಜೇಬಲ್ಲಿರಬೇಕು. ತೆರೆದ ಕೋವಿ ದೂರದಿಂದಲೇ ಕಾಣುತ್ತೆ, ವಾದಕ್ಕೆ ಜಾಗವೇ ಇಲ್ಲ.

ಹೊಸದಾಗಿ ತಿಳಿದದ್ದು: ಬಹಳಷ್ಟು ಜೋಡಿನಳಿಗೆಗಳಲ್ಲಿ ಸೇಫ್ಟಿ ತಡೆಯೋದು ಟ್ರಿಗರನ್ನು ಮಾತ್ರ, ತೋಟೆ ಸಿಡಿಸಲು ಒಳಗೆ ಸಜ್ಜಾಗಿ ನಿಂತ ಹ್ಯಾಮರನ್ನಲ್ಲ. ಕೋವಿ ಕೈಜಾರಿ ಬಿದ್ದ ಏಟಿಗೇ ಈಡು ಹಾರಬಹುದು. ಇದನ್ನು ಹೇಳಿದ ಮೇಲೆಯೇ ಅವರು ಸುಮ್ಮನಾದದ್ದು.

ಮ್ಯಾಗಜೀನ್ (ತೋಟೆ ತುಂಬಿಡುವ ಡಬ್ಬಿ) ಇರುವ ರೈಫಲ್ ಖಾಲಿ ಮಾಡುವಾಗ ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಬೋಲ್ಟ್ (ತೋಟೆಯನ್ನು ಒಳಗೆ ತಳ್ಳುವ, ಹೊರಗೆಳೆಯುವ ಭಾಗ) ಎಳೆಯಿರಿ. ಉಲ್ಟಾ ಮಾಡಿದರೆ ಬೋಲ್ಟ್ ಮುಂದೆ ಹೋಗುವಾಗ ಇನ್ನೊಂದು ತೋಟೆ ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಜಾಗ) ಸೇರುತ್ತೆ. ಕೊನೆಗೆ ಚೇಂಬರಿಗೆ ಕಿರುಬೆರಳು ಹಾಕಿ ನೋಡಿ. ಮಬ್ಬು ಬೆಳಕಲ್ಲಿ ಕಣ್ಣು ನಂಬಬೇಡಿ.