ಅಪಾಸ್ಟ್ರಫಿ ಯಾವ ಕ್ರಮದಲ್ಲಿ ಕಲಿಸುವುದು?

ಪ್ರಶ್ನೆ (ಶಿರಸಿ): ಐದನೇ ತರಗತಿಯ ಮಕ್ಕಳು ಇಂಗ್ಲಿಷ್ ಬರೆಯುವಾಗ ಬಹುವಚನದ ‘ಎಸ್’ ಬಂದಲ್ಲೆಲ್ಲ ಅಪಾಸ್ಟ್ರಫಿ (ಅಕ್ಷರದ ಮೇಲ್ಬದಿಯ ’ ಚಿಹ್ನೆ) ಹಾಕುತ್ತಾರೆ. ಎಲ್ಲಿಂದ ತಿದ್ದಲಿ?

ಉತ್ತರ (ಕಾರವಾರ): ಮಾಸ್ತರೇ, ಬಹುವಚನ ಗಟ್ಟಿಯಾಗುವವರೆಗೆ ಒಡೆತನ ಮುಟ್ಟಬೇಡಿ, ಎರಡನ್ನೂ ಒಂದೇ ವಾರ ಕಲಿಸಿದರೆ ಹೀಗಾಗುತ್ತದೆ. ಆಮೇಲೆ ಒಡೆಯ ಯಾರೆಂದು ಕೇಳಿ, ಆ ಪದ ಪೂರ್ತಿ ಬರೆಸಿ, ನಂತರವೇ ಚಿಹ್ನೆ. ‘ದೋಣಿಯ ಹಗ್ಗ’: ಬೋಟ್, ಚಿಹ್ನೆ, ಎಸ್. ‘ದೋಣಿಗಳ ಹಗ್ಗ’: ಬೋಟ್ಸ್, ಬರೀ ಚಿಹ್ನೆ. ‘ಚಿಲ್ಡ್ರನ್’ ಎಸ್‌ನಿಂದ ಮುಗಿಯದ ಬಹುವಚನ, ಅಲ್ಲಿ ಚಿಹ್ನೆಯ ನಂತರ ಎಸ್ ಬೇಕೇ ಬೇಕು.

ಉತ್ತರ (ಕುಮಟಾ): ‘ಡೋಂಟ್’ನಲ್ಲಿ ಮಕ್ಕಳು ಚಿಹ್ನೆಯನ್ನು ತಪ್ಪಾಗಿ ಎನ್‌ಗಿಂತ ಮೊದಲು ಹಾಕುತ್ತಾರೆ. ‘ಡು ನಾಟ್’ ಕೂಡಿಸಿ ಬರೆಸಿ, ‘ನಾಟ್’ನ ಓ ಅಳಿಸಿ, ಅದೇ ಜಾಗದಲ್ಲಿ ಚಿಹ್ನೆ ಇಡಿಸಿ. ‘ವೋಂಟ್’ ಕೊನೆಗಿರಲಿ, ಅದರ ಕಾಗುಣಿತವೇ ಬೇರೆ. ‘ಇಟ್ಸ್’ ಬಂದಾಗ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಓದಿಸಿ. ಅರ್ಥ ಕೂಡಿದರೆ ಮಾತ್ರ ಚಿಹ್ನೆ.